ಪಾನ್ ಬಾಯಿಗೆ ಹಾಕುವ ಮುಂಚೆ

ಹಳೇ ಮೋಟಾರು ಕೊಳ್ಳುವವರು ನನ್ನ ಸಲಹೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಅವರ ಮೇಲಲ್ಲ. ಆದರೂ ಹೇಳುತ್ತೇನೆ: ಬಿಳಿ ಅಂಗಿ ಹಾಕಿಕೊಂಡು ಹೋಗಬೇಡಿ. ವ್ಯಾಪಾರಿ ಕೊಡುವ ಪಾನ್ ಬಾಯಿಗೆ ಹಾಕುವ ಮುಂಚೆ ಗಾಡಿಯ ಕೆಳಗೆ ನುಗ್ಗಿ ನಂಬರ್ ನೋಡಿ.

ಬೀದರ್ ಮೈಸೂರು ರಾಜ್ಯಕ್ಕೆ ಸೇರುವ ಕೆಲವೇ ತಿಂಗಳು ಮುಂಚಿನ ಮಾತು. ನಮ್ಮಣ್ಣ ಔರಾದಿನ ಸಾಹುಕಾರರೊಬ್ಬರ ಮೋಟಾರು ಓಡಿಸುತ್ತಿದ್ದ. ಔರಾದಿಗೆ ರೈಲಿಲ್ಲ. ಭಾಲ್ಕಿ ಸ್ಟೇಷನ್ನಿನಲ್ಲಿ ಇಳಿದವರನ್ನು ತನ್ನದೇ ಗಾಡಿಯಲ್ಲಿ ಊರು ಮುಟ್ಟಿಸಬೇಕೆಂಬುದು ಅವನ ಒಂದೇ ಆಸೆ. ಅದಕ್ಕಾಗಿ ಅವನ ಹೆಂಡತಿ, ನಮ್ಮ ವೈನಿ, ಕೈಯ ಬಂಗಾರದ ಪಾಟಲಿ ಬಿಚ್ಚಿ ಕೊಟ್ಟಿದ್ದಳು. ಅಣ್ಣನಿಗೆ ಅಕ್ಷರ ಬರುತ್ತಿರಲಿಲ್ಲ. ಆಗಷ್ಟೇ ಶಾಲಾ ಮಾಸ್ತರನಾಗಿದ್ದ ನನ್ನನ್ನು ಕಾಗದ ನೋಡಲೆಂದು ಬೀದರಿನ ಹಳೇ ಮೋಟಾರು ವ್ಯಾಪಾರಿಯೊಬ್ಬನ ಅಂಗಡಿಗೆ ಕರೆದೊಯ್ದ.

ಅಣ್ಣ ತನ್ನ ಪಾಲಿನ ಕೆಲಸ ಚೊಕ್ಕಟವಾಗಿ ಮಾಡಿದ. ಬಾನೆಟ್ಟಿನ ಮೇಲೆ ಕೈಯಿಟ್ಟು ಎಂಜಿನ್ ತಣ್ಣಗಿದೆಯೆಂದು ಖಾತ್ರಿ ಮಾಡಿಕೊಂಡೇ ಚಾಲೂ ಮಾಡಿಸಿದ, ಹೊಗೆಯ ಬಣ್ಣ ನೋಡಿದ. ಆಮೇಲೆ ನನಗೆ ಹೇಳಿದ:

"ತಮ್ಮಾ, ಕೆಳಗ ಹೊಕ್ಕು ಚಾಸಿ ಮ್ಯಾಲಿನ ನಂಬರ್ ನೋಡು. ಕಾಗದದಾಗಿಂದೂ ಅದೂ ಒಂದೇ ಅದನೋ ಇಲ್ಲೋ."

ಗಾಡಿಯ ಕೆಳಗೆ ಎಣ್ಣೆ ಸೋರಿ ನೆಲವೆಲ್ಲ ಕರ್ರಗಾಗಿತ್ತು. ನನ್ನದೋ ಹೊಸ ಬಿಳಿ ಅಂಗಿ. ಅಷ್ಟರಲ್ಲಿ ವ್ಯಾಪಾರಿ ಪಾನ್ ತಟ್ಟೆ ಹಿಡಿದು ಬಂದ.

"ಮಾಸ್ತರ ಸಾಹೇಬ್ರ, ನೀವು ನೆಲದಾಗ ಹೊಳ್ಳಾಡೋ ಮಂದಿ ಏನ್ರಿ? ತಗೋರಿ."

ನಮ್ಮ ಕಡೆ ಪಾನ್ ಬಾಯಿಗೆ ಬಿದ್ದರೆ ಸೌದಾ ಮುಗಿದಂತೆ. ಮುಂದೆ ತಪಾಸಣೆ ಮಾಡಿದರೆ ಎದುರಿನವನನ್ನು ಕಳ್ಳ ಎಂದಂತೆ. ಅದು ನನಗೆ ಗೊತ್ತಿತ್ತು. ಆದರೆ ಅದುವರೆಗೆ ನನ್ನನ್ನು ಯಾರೂ ಸಾಹೇಬ ಎಂದಿರಲಿಲ್ಲ. ಹಿಗ್ಗಿ ಹೀರೇಕಾಯಿಯಾಗಿ ಪಾನ್ ಬಾಯಿಗೆ ಹಾಕಿಕೊಂಡೆ.

"ನೋಡಿದೇನೋ?" ಎಂಜಿನ್ನಿನೊಳಗೆ ತಲೆ ತೂರಿಸಿದ್ದ ಅಣ್ಣ ಕೂಗಿದ.

"ನೋಡಿದೆ. ಬರೋಬರ್ ಅದ," ಎಂದೆ.

ನನ್ನ ಅಂಗಿಯ ಕಡೆ ಒಮ್ಮೆ ಕಣ್ಣು ಹಾಯಿಸಿದ್ದರೆ ಅವನಿಗೆ ತಿಳಿಯುತ್ತಿತ್ತು. ಹಾಯಿಸಲಿಲ್ಲ. ನನ್ನ ಮಾತು ಅವನಿಗೆ ಸಾಕಾಗಿತ್ತು.

ಐದಾರು ತಿಂಗಳು ಅಣ್ಣ ಅರಸನ ಹಾಗೆ ಭಾಲ್ಕಿ ಸ್ಟೇಷನ್ನಿನ ಮುಂದೆ ಗಾಡಿ ನಿಲ್ಲಿಸಿದ. ಅವನು ಅಷ್ಟು ನಗುತ್ತಿದ್ದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಅಷ್ಟರಲ್ಲಿ ನಾವು ಮೈಸೂರು ರಾಜ್ಯದವರಾದೆವು. ಗಾಡಿಗಳನ್ನೆಲ್ಲ ಹೊಸದಾಗಿ ದಾಖಲು ಮಾಡಿಸಬೇಕೆಂದರು. ಕಚೇರಿಯವರು ಗಾಡಿಯ ಕೆಳಗೆ ಹೊಕ್ಕು ನೋಡಿದರೆ ಚಾಸಿಯ ಮೇಲಿನ ನಂಬರೇ ಬೇರೆ. ಕದ್ದ ಗಾಡಿಯೆಂದು ಅಲ್ಲೇ ಹಿಡಿದಿಟ್ಟರು. ವ್ಯಾಪಾರಿ ಅಂಗಡಿ ಎತ್ತಿ ಹೈದರಾಬಾದಿಗೆ ಹೋಗಿಬಿಟ್ಟಿದ್ದ. ಅದೀಗ ಬೇರೆ ರಾಜ್ಯ. ಅವನು ನಮ್ಮ ಕೈಗೆ ಸಿಗಲೇ ಇಲ್ಲ.

ಮೈಸೂರು ಕಡೆಯಿಂದ ಬಂದಿದ್ದ ಅಧಿಕಾರಿ ಪಾಪ, ಮೆತ್ತಗೇ ಕೇಳಿದರು. "ಕೊಂಡ್ಕೊಳ್ಳೋವಾಗ ನಂಬರ್ ನೋಡ್ಲಿಲ್ವೇನ್ರೀ?"

ಅಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟ.

"ನೋಡೇವಲ್ರಿ ಸಾಹೇಬ್ರ. ನಮ್ಮ ತಮ್ಮ ಸಾಲಿ ಮಾಸ್ತರ ಅದಾನ. ಅವನೇ ಖುದ್ದ ಕೆಳಗ ಹೊಕ್ಕು ನೋಡ್ಯಾನ. ನಿಮ್ಮ ಕಾಗದಾನೇ ತಪ್ಪಿರಬೇಕ್ರಿ."

ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಮರುವಾರ ಅಣ್ಣ ಅದೇ ಸಾಹುಕಾರರ ಮೋಟಾರು ಒರೆಸಲು ಹೋದ. ವೈನಿಯ ಕೈ ಬರಿದಾಗಿಯೇ ಉಳಿಯಿತು. ಕಾಗದವೇ ತಪ್ಪು ಎಂದು ಅಣ್ಣ ಸಾಯುವ ತನಕ ಹೇಳುತ್ತಿದ್ದ. ನಾನು ಪಕ್ಕದಲ್ಲಿ ಕೂತು ಹೂಂ ಎನ್ನುತ್ತಿದ್ದೆ.