ಪುಟ್ಟಸ್ವಾಮಿಯ ಬೇಸ್‌ಬಾಲ್

ಫ್ರೀಮಾಂಟಿನ ಇಂಡಿಯನ್ ಗ್ರೋಸರಿಯಲ್ಲಿ ಮೇಲಿನ ಶೆಲ್ಫಿನ ರಾಗಿಹಿಟ್ಟು ಇಳಿಸಲು ಏಣಿ ಬೇಕಿರಲಿಲ್ಲ, ಪುಟ್ಟಸ್ವಾಮಿ ಇದ್ದರೆ ಸಾಕಿತ್ತು. ಯಾರೂ ಕೇಳುವ ಮುಂಚೆಯೇ ಕೈ ಚಾಚಿ, ಪೊಟ್ಟಣವನ್ನು ಹೆಂಗಸರ ಬುಟ್ಟಿಗೆ ಮೆತ್ತಗೆ ಹಾಕುತ್ತಿದ್ದ. ಹಾಕುವಾಗ ಮಣಿಕಟ್ಟು ತಾನಾಗಿಯೇ ಬಾಗುತ್ತಿತ್ತು, ಹಳೆಯ ಆಟದ ಅಭ್ಯಾಸ. ಅಷ್ಟೆತ್ತರದವನಿಗೆ ಪುಟ್ಟಸ್ವಾಮಿ ಎಂದು ಹೆಸರಿಟ್ಟವರು ಅವನು ಬೆಳೆಯುವವರೆಗೆ ಕಾಯಲಿಲ್ಲ. ಈಗ ಆ ಅಂಗಡಿಯಲ್ಲಿ ಏಣಿ ಇಟ್ಟಿದ್ದಾರೆ.

ಮಂಡ್ಯದವನು. ಒಂದು ಕಾಲಕ್ಕೆ ರಾಜ್ಯದ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಅವನೇ ತಾರೆ. ಪೇಟೆಬೀದಿಯಲ್ಲಿ ನಡೆದರೆ ಜನ ತಿರುಗಿ ನೋಡುತ್ತಿದ್ದರಂತೆ. ಆಟದಿಂದ ಸಿಕ್ಕಿದ್ದ ಬ್ಯಾಂಕಿನ ಕೆಲಸ ಬಿಟ್ಟು ಹೆಂಡತಿ ಲತಾಳ ಜೊತೆ ಇಲ್ಲಿಗೆ ಬಂದ. ಲತಾ ಮೆನ್ಲೋ ಪಾರ್ಕಿನಲ್ಲಿ ಇಂಜಿನಿಯರ್. ನಾನೂ ಅವಳೂ ಒಂದೇ ಕಾರಿನಲ್ಲಿ ಸೇತುವೆ ದಾಟಿ ಆಫೀಸಿಗೆ ಹೋಗುತ್ತಿದ್ದೆವು. ಅವನಿಗೆ ಕೆಲಸದ ಪರ್ಮಿಟ್ಟು ಬಂದಿತ್ತು, ಕೆಲಸ ಬಂದಿರಲಿಲ್ಲ. ಮಗಳನ್ನು ಡೇಕೇರಿಗೆ ಬಿಡುವುದು, ಕರೆತರುವುದು, ಅಷ್ಟೇ. ಪಾರ್ಟಿಗಳಲ್ಲಿ "ನೀವೇನ್ ಮಾಡ್ತೀರಿ?" ಎಂದು ಯಾರಾದರೂ ಕೇಳಿದರೆ "ಆಟಗಾರ" ಎನ್ನುತ್ತಿದ್ದ. "ಈಗ?" ಎಂದರೆ ನೀರು ಕುಡಿಯಲು ಎದ್ದು ಹೋಗುತ್ತಿದ್ದ.

ಒಂದು ದಿನ ನಮ್ಮ ಬಾಗಿಲಲ್ಲಿ ಬೇಸ್‌ಬಾಲ್ ಬ್ಯಾಟು ಹಿಡಿದು ನಿಂತಿದ್ದ. ಹತ್ತಿರದ ಊರಿನ ಸಣ್ಣದೊಂದು ವೃತ್ತಿಪರ ತಂಡ ಆಯ್ಕೆ ನಡೆಸುತ್ತಿದೆ, ಯಾರು ಬೇಕಾದರೂ ಹೋಗಬಹುದು ಎಂದ.

"ನಿನ್ನಾಟ ಬ್ಯಾಸ್ಕೆಟ್‌ಬಾಲ್ ಅಲ್ವೇನಯ್ಯ?"

"ಅದ್ರಲ್ಲಿ ನನ್ನಂತೋರು ಇಲ್ಲಿ ಬೀದಿಗೊಬ್ರು ಅವ್ರೆ ಅಣ್ಣ. ಮಂಡಿ ಹಾರಾಕೆ ಬುಡಲ್ಲ, ಓಡಾಕೆ ಬುಡ್ತದೆ. ಆಟಗಾರ ಅಂತ ಇನ್ನೊಂದ್ಸಲ ಅನ್ನಿಸ್ಕೊಂಡ್ರೆ ಸಾಕು."

ಅಲ್ಲಿಂದ ನನ್ನ ಸಂಜೆಗಳು ಹಾಳಾದವು. ಸೇತುವೆಯ ಟ್ರಾಫಿಕ್ಕಿನಲ್ಲಿ ಬಳಲಿ ಬೆಂಡಾಗಿ ಬಂದವನು, ಬೂಟು ಬಿಚ್ಚುವ ಮೊದಲೇ ಪಾರ್ಕಿಗೆ ಹೋಗಿ ಅವನಿಗೆ ಚೆಂಡು ಎಸೆಯಬೇಕು. ಆಗಲ್ಲ ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ಆಡುವ ಮುಂಚೆ ಅವನು ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ನಾಯಿ ಅಡ್ಡಾಡಿಸುವ ಹುಲ್ಲಿಗೂ ಅದೇ ನಮಸ್ಕಾರ. ಅಲ್ಲಿದ್ದ ಒಂದು ಮರವನ್ನು ಫಸ್ಟ್ ಬೇಸು, ಅಂದರೆ ಹೊಡೆದವನು ಚೆಂಡಿಗಿಂತ ಮೊದಲು ಓಡಿ ಮುಟ್ಟಬೇಕಾದ ಜಾಗ, ಎಂದುಕೊಂಡಿದ್ದೆವು. ಆದರೆ ಹೊಡೆದ ಚೆಂಡನ್ನು ಹುಡುಕಿ ತರುವುದರಲ್ಲೇ ಇಬ್ಬರಿಗೂ ಸಾಕುಸಾಕಾಗುತ್ತಿತ್ತು. ಓಟದ ಅಭ್ಯಾಸ ಬೆಳಿಗ್ಗೆ ಅವನೊಬ್ಬನೇ ಮಾಡುತ್ತಿದ್ದ.

ಆಯ್ಕೆಯ ದಿನ ತನಗಿಂತ ಎಷ್ಟೋ ಚಿಕ್ಕವರ ಸಮಕ್ಕೆ ಓಡಿದ. ದೂರದಿಂದ ಎಸೆದ ಚೆಂಡು ನೆಟ್ಟಗೆ ಹೋಯಿತು. ಕೋಚು ಅವನತ್ತ ತಿರುಗಿ ನೋಡಿದಾಗ, ಬೇಲಿಯಾಚೆ ನಿಂತಿದ್ದ ನಾನು ಇನ್ನೊಂದು ಹೆಜ್ಜೆ ಮುಂದೆ ಬಂದೆ. ಕೊನೆಗೆ ಬ್ಯಾಟಿಂಗು, ಪಂದ್ಯದ ಹಾಗೆಯೇ ಆಡಿಸಿದರು. ಮೊದಲ ಚೆಂಡುಗಳು ತಪ್ಪಿದವು, ಆಮೇಲೆ ಒಂದು ತಗುಲಿತು. ಚೆಂಡು ಉರುಳುತ್ತಾ ಎದುರಿನ ಆಟಗಾರನ ಕಡೆ ಹೋಯಿತು. ಪುಟ್ಟಸ್ವಾಮಿ ಒಂದು ಹೆಜ್ಜೆ ಮುಂದಿಟ್ಟ, ವಾಪಸು ಬಂದ, ಬ್ಯಾಟೂರಿ ನಿಂತ. ಕ್ರಿಕೆಟ್ಟಿನಲ್ಲಿ ರನ್ ಇಲ್ಲದಿದ್ದರೆ ಹಾಗೆಯೇ ನಿಲ್ಲುವುದು. ನಮ್ಮ ಓಣಿಗಳಲ್ಲಿ ಆಡಿ ಬೆಳೆದ ಯಾರ ಕಾಲಾದರೂ ಅದನ್ನೇ ಮಾಡುತ್ತದೆ. ಬೇಸ್‌ಬಾಲಿನಲ್ಲಿ ಹೊಡೆದವನು ಓಡಲೇಬೇಕು. ಓಡು ಎಂದು ಎಲ್ಲರೂ ಕೂಗಿದರು, ಬೇಲಿ ಹಿಡಿದು ನಾನೂ ಕೂಗಿದೆ. ಅವನು ಇಲ್ಲದ ಜೊತೆಗಾರನಿಗೆ ಎಡಗೈ ಅಡ್ಡ ಹಿಡಿದು "ನೋ, ನೋ" ಎಂದ.

ಕೋಚು ಬಂದು ಕೈ ಕುಲುಕಿ ಥ್ಯಾಂಕ್ಸ್ ಹೇಳಿದ. ಇಲ್ಲಿ ಹಾಗೆಂದರೆ ಇನ್ನು ಹೊರಡಿ ಎಂದರ್ಥ.

ಪುಟ್ಟಸ್ವಾಮಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಮನೆ ಹತ್ತಿರ ಬಂದಾಗ, "ನಂಗ್ ಸರಿಯಾಗಿ ಬರ್ತಿದ್ದದ್ದು ಓಟ ಒಂದೇ ಅಣ್ಣ. ಅದ್ನೇ ಓಡ್ಲಿಲ್ಲ," ಎಂದ. ನನಗೆ ಅಳು ಬಂತು, ರಸ್ತೆ ನೋಡಿಕೊಂಡು ಕಾರು ಓಡಿಸಿದೆ. ಬ್ಯಾಟೂ ಚೆಂಡೂ ನನ್ನ ಡಿಕ್ಕಿಯಲ್ಲೇ ಉಳಿದವು.

ಮುಂದಿನ ಬೇಸಿಗೆಯಲ್ಲಿ ಲತಾಳಿಗೆ ಬೇರೆ ರಾಜ್ಯದಲ್ಲಿ ಕೆಲಸವಾಯಿತು. ಹೊರಡುವ ದಿನ ಟ್ರಕ್ಕಿಗೆ ಸಾಮಾನು ತುಂಬಿದ ಮೇಲೆ, "ಒಂದು ಚೆಂಡು ಹಾಕಿ ಅಣ್ಣ," ಎಂದ.

"ಹೋಗಿ ಬಂದ್ಬಿಡಿ," ಎಂದಳು ಲತಾ, "ಇಲ್ದಿದ್ರೆ ಇವ್ರು ದಾರಿಯುದ್ದಕ್ಕೂ ಮುಖ ಊದಿಸ್ಕೊಂಡಿರ್ತಾರೆ."

ಪಾರ್ಕಿನಲ್ಲಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ. ಎಸೆದೆ. ಮತ್ತೆ ಅದೇ ಪೇಲವ ಹೊಡೆತ, ಚೆಂಡು ಉರುಳಿ ನನ್ನ ಕಾಲ ಬಳಿಗೇ ಬಂತು. ಅವನು ಬ್ಯಾಟು ಬಿಸಾಡಿ ಓಡಿದ, ಮರ ಮುಟ್ಟಿ ಏದುಸಿರು ಬಿಡುತ್ತಾ ತಿರುಗಿದ. ಅಷ್ಟರಲ್ಲಿ ಚೆಂಡು ನನ್ನ ಕೈಯಲ್ಲಿತ್ತು.

"ಔಟಾ?"

"ಇಲ್ಲ ಕಣೋ."

"ಸುಳ್ಳೇಳ್ಬೇಡಿ ಅಣ್ಣ, ಔಟೇ." ಮರಕ್ಕೆ ಒರಗಿ ನಕ್ಕ. "ಈ ಸಲ ಓಡಿ ಔಟಾದೆ."