ತಣ್ಣಗಿದ್ದಾಗಿನ ಸಪ್ಪಳ

ವನದುರ್ಗದ ಅಯ್ಯಣ್ಣ ಇಪ್ಪತ್ತೆರಡು ವರ್ಷ ಮಂದಿಯ ಗಾಡಿ ಹೊಡೆದ. ಶಹಾಪುರದ ಸಾಹುಕಾರರ ಜೀಪು, ಸುರಪುರದ ಗುತ್ತೇದಾರರ ಕಾರು, ಮದುವೆ ದಿಬ್ಬಣದ ಟೆಂಪೊ, ಎಲ್ಲವೂ ಅವನ ಕೈಯಲ್ಲಿ ಪಳಗಿದವೇ. ಒಂದೂ ಅವನದಲ್ಲ. ಅವನು ಊರೊಳಗೆ ಬಂದರೆ ಮಂದಿ "ಅಯ್ಯಣ್ಣನ ಗಾಡಿ ಬಂತು" ಅನ್ನುತ್ತಿದ್ದರು. ಅವನು ಗಾಜು ಇಳಿಸಿ, "ನಂದಲ್ರಿ, ಸಾಹುಕಾರ್ರದು" ಎಂದು ತಿದ್ದುತ್ತಿದ್ದ. ಹೀಗೆ ತಿದ್ದಿ ತಿದ್ದಿ ಅವನಿಗೆ ಸಾಕಾಗಿತ್ತು. ನಲವತ್ತೆಂಟು ತುಂಬಿದ ಮೇಲೆ ಅವನಿಗೆ ಉಳಿದದ್ದು ಒಂದೇ ಆಸೆ. ಗಾಡಿ ಯಾರದು ಎಂದು ಯಾರಾದರೂ ಕೇಳಬೇಕು, ತಾನು "ನಂದ್ರಿ" ಅನ್ನಬೇಕು.

ಆ ಆಸೆಗೆ ದಾರಿ ಮಾಡಿದವಳು ಹೆಂಡತಿ ಭೀಮಮ್ಮ. ತವರಿನವರು ಕೊಟ್ಟ ನಾಲ್ಕು ಕುರಿಗಳನ್ನು ಹಟ್ಟಿ ತುಂಬ ಮಾಡಿದ ಗಟ್ಟಿ ಹೆಂಗಸು ಆಕೆ. ಒಂದು ದಿನ ತಾನಾಗಿಯೇ ಬಾಯಿಬಿಟ್ಟಳು.

"ಹಿಂಡು ಮಾರೂಣು, ಗಾಡಿ ತಗೋ. ಕುರಿ ಮತ್ತ ಹುಟ್ತಾವ. ನಿನ್ನ ವಯಸ್ಸು ಮತ್ತ ಹುಟ್ಟಂಗಿಲ್ಲ."

ಎಂಟು ಕುರಿ ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಸಂತೆಗೆ ಹೊಡೆದರು. ಯಾದಗಿರಿಯಲ್ಲಿ ಹಳೆ ಗಾಡಿ ಮಾರುವ ಶೋರೂಮೊಂದಕ್ಕೆ ಗಂಡ ಹೆಂಡತಿ ಹೋದಾಗ, ಏಳು ಸೀಟಿನ ಬಿಳಿ ಡೀಸೆಲ್ ಗಾಡಿಯೊಂದು ಆಗಲೇ ಚಾಲೂ ಆಗಿ ನಿಂತಿತ್ತು. "ನಿಮ್ಮ ದಾರೀನ ಕಾಯಾಕತ್ತದ ನೋಡ್ರಿ" ಎಂದು ಮ್ಯಾನೇಜರ್ ಶರಣಕುಮಾರ ನಕ್ಕ. ಅಯ್ಯಣ್ಣ ಟೈರು ನೋಡಿದ, ಕ್ಲಚ್ಚು ತುಳಿದ, ಬೈಪಾಸಿನ ತನಕ ಓಡಿಸಿ ಬಂದ. ಇಂಜಿನ್ನು ಬೆಣ್ಣೆಯ ಹಾಗಿತ್ತು. ಒಮ್ಮೆ ಬಂದ್ ಮಾಡಿ, ಆರಿದ ಮೇಲೆ ಮತ್ತೆ ಚಾಲೂ ಮಾಡಿ ನೋಡೋಣವೆಂದು ಕೀಲಿಗೆ ಕೈ ಹಾಕಿದ್ದೂ ಹೌದು. ಭೀಮಮ್ಮ ರಟ್ಟೆ ಹಿಡಿದಳು.

ಭೀಮಮ್ಮನ ತವರು ಮನೆತನದಲ್ಲೊಂದು ನೇಮ. ಮನೆಗೆ ಬರುವ ಗಾಡಿ ಕೊಡೇಕಲ್ ಬಸವಣ್ಣನ ಮುಂದೆ ಹೋಗಿ ನಿಲ್ಲುವ ತನಕ ಅದರ ಉಸಿರು ನಿಲ್ಲಿಸಬಾರದು. ಹಾಗಾಗಿ ಕಾಗದಕ್ಕೆ ಸಹಿ ಹಾಕುವಾಗಲೂ, ಚಕ್ರದಡಿ ನಿಂಬೆಹಣ್ಣು ಇಡುವಾಗಲೂ ಇಂಜಿನ್ನು ಓಡುತ್ತಲೇ ಇತ್ತು. ಶಹಾಪುರ, ಸುರಪುರ ದಾಟಿ ಕೊಡೇಕಲ್ಲಿಗೆ ಬಂದು ಕಾಯಿ ಒಡೆದ ಮೇಲೆಯೇ ಬಂದ್ ಮಾಡಿದರು. ತಣ್ಣಗಿನ ಇಂಜಿನ್ ಚಾಲೂ ಮಾಡಿ ನೋಡದೆ ಮಂದಿಯ ಗಾಡಿಯನ್ನು ಹೊರಗೆ ತೆಗೆಯದ ಮನುಷ್ಯ, ತನ್ನ ಗಾಡಿಗೆ ಮಾತ್ರ ಅಷ್ಟು ಮಾಡಲಿಲ್ಲ. ನೇಮಕ್ಕೆ ಬೈಯಲೋ ಅವನಿಗೇ ಬೈಯಲೋ ನನಗಂತೂ ಇನ್ನೂ ತಿಳಿದಿಲ್ಲ.

ಮರುದಿನ ಮುಂಜಾನೆ ಕೀಲಿ ತಿರುಗಿಸಿದರೆ ಬಾನೆಟ್ಟಿನೊಳಗೆ ಗರಗರ ಎಂದಿತು, ಡಬ್ಬಿಯಲ್ಲಿ ಕಡಲೆ ಹಾಕಿ ಕುಲುಕಿದ ಹಾಗೆ. ಐದೇ ಸೆಕೆಂಡು. ಆಮೇಲೆ ಬೆಣ್ಣೆ. ಅದರ ಮರುದಿನವೂ ಹಾಗೆಯೇ.

ಶಹಾಪುರದ ಗಾಡಿ ರಿಪೇರಿ ಮೇಸ್ತ್ರಿ ಲಾಡ್ಲೇಸಾಬ ಒಂದು ನಸುಕಿನಲ್ಲಿ ಬೈಕು ಹತ್ತಿ ವನದುರ್ಗಕ್ಕೇ ಬಂದು ಕಿವಿಗೊಟ್ಟ.

"ಟೈಮಿಂಗ್ ಚೈನ್ ಸಡ್ಲಾಗ್ಯದ ಕಾಕಾ. ಇಂಜಿನ್ ಒಳಗಿನ ಮೇಲ್ಗಡಿ ಕೆಲಸ, ಕೆಳಗಿನ ಕೆಲಸ ಎರಡೂ ತಾಳಕ್ಕ ನಡಸೂದ ಅದು. ತಣ್ಣಗಿದ್ದಾಗ ಆಯಿಲ್ ಮ್ಯಾಲ ಏರಿರಂಗಿಲ್ಲ, ಅದಕ್ಕ ಬಡೀತದ. ಒಂದಿನ ಹರೀತಂದ್ರ ಇಂಜಿನ್ ಬರ್ಬಾದ್."

"ಮತ್ತ ಬಿಚ್ಚಪಾ, ಏನ್ ನೋಡ್ತಿ?"

"ಹೆಂಗ ಬಿಚ್ಚಲಿ? ಶೋರೂಮಿನವ್ರ ಸೀಲ್ ಅದ. ಆರು ತಿಂಗಳ ಗ್ಯಾರಂಟಿ ಅದ. ನಾ ಮುಟ್ಟಿದ್ರ ಗ್ಯಾರಂಟಿ ಖತಂ. ಅವ್ರ ಕಡೀನ ಮಾಡಸ್ಕೋ."

ಕಡಲೆ ಇದ್ದವನಿಗೆ ಹಲ್ಲಿಲ್ಲ, ಹಲ್ಲಿದ್ದವನಿಗೆ ಕಡಲೆಯಿಲ್ಲ. ರೋಗ ತಿಳಿದವನು ಮುಟ್ಟುವ ಹಾಗಿಲ್ಲ, ಮುಟ್ಟಬಹುದಾದವರಿಗೆ ರೋಗವೇ ಕೇಳುವುದಿಲ್ಲ. ಯಾಕೆಂದರೆ ವನದುರ್ಗದಿಂದ ಯಾದಗಿರಿ ಮುಟ್ಟುವಷ್ಟರಲ್ಲಿ ಇಂಜಿನ್ನು ಕಾದ ಹೆಂಚಾಗಿರುತ್ತಿತ್ತು.

"ಎಲ್ಲದ್ರಿ ಸಪ್ಪಳ?" ಎಂದು ಮೊದಲ ಸಲ ಹೋದಾಗ ಶರಣಕುಮಾರ ಕೇಳಿದ.

"ತಣ್ಣಗಿದ್ದಾಗ ಬರ್ತದ್ರಿ." ಅಯ್ಯಣ್ಣ ಫೋನಿನಲ್ಲಿ ಹಿಡಿದು ತಂದಿದ್ದ ಸಪ್ಪಳ ಕೇಳಿಸಿದ.

"ಇದು ಯಾವ ಗಾಡೀದಂತ ನಾವು ಹೆಂಗ ಹೇಳೂದ್ರಿ?"

ಎರಡನೆಯ ಸಲ ಗಾಡಿಯನ್ನು ರಾತ್ರಿಯೆಲ್ಲ ಅಲ್ಲಿಯೇ ಬಿಟ್ಟು ಬಂದ. ಮುಂಜಾನೆ ಮೇಸ್ತ್ರಿಗಳು ಬರುವ ಮೊದಲೇ ವಾಚ್‌ಮನ್ ಅಂಗಳ ತೊಳೆಯಲೆಂದು ಗಾಡಿಗಳನ್ನೆಲ್ಲ ಚಾಲೂ ಮಾಡಿ ಆಚೆ ಈಚೆ ಸರಿಸಿದ್ದ. ಮೂರನೆಯ ಸಲ, ಮೇ ತಿಂಗಳಲ್ಲಿ, ಇಂಜಿನ್ ಆರಲೆಂದು ಹತ್ತರಿಂದ ಆರರ ತನಕ ಅಂಗಳದಲ್ಲೇ ಕೂತ. ಯಾದಗಿರಿಯ ಬಿಸಿಲಿಗೆ ಗುಡ್ಡದ ಬಂಡೆಯೇ ಆರುವುದಿಲ್ಲ, ಇನ್ನು ಇಂಜಿನ್ ಆರೀತೆ? ಇದನ್ನು ಕೇಳಿ ಭೀಮಮ್ಮ ಹಣೆ ಬಡಿದುಕೊಂಡಳು. "ಸಂತ್ಯಾಗ ಕುರಿಗಿ ಉಪ್ಪು ತಿನಿಸಿ, ನೀರು ಕುಡಿಸಿ, ಹೊಟ್ಟಿ ಉಬ್ಬಿಸಿ ನಿಂದರಸ್ತಾರ. ಅದು ನನಗ ಗೊತ್ತದ. ಗಾಡೀನೂ ಮೊದ್ಲ ಕಾಸಿ ನಿಂದರಸ್ತಾರಂತ ಯಾರಿಗೆ ಗೊತ್ತಿತ್ತು? ಬಂದ್ ಮಾಡಬ್ಯಾಡ ಅಂದಾಕಿ ನಾನ."

ಅಯ್ಯಣ್ಣ ಒಂದು ಜಾಣತನ ಮಾತ್ರ ಬಿಡಲಿಲ್ಲ. ಹೋದಾಗಲೆಲ್ಲ ಕೌಂಟರಿನ ಹುಡುಗಿ ಭುವನೇಶ್ವರಿಯ ಮುಂದೆ ನಿಂತು, "ಬರಿ ತಂಗಿ. ಬರದದ್ದು ಎಲ್ಲಿಗೂ ಹೋಗಂಗಿಲ್ಲ" ಅನ್ನುತ್ತಿದ್ದ. ಆಕೆ ಚೀಟಿಯಲ್ಲಿ ಬರೆಯುತ್ತಿದ್ದಳು: ತಣ್ಣಗಿದ್ದಾಗ ಇಂಜಿನ್ನಿನಲ್ಲಿ ಸಪ್ಪಳವೆಂದು ಗಿರಾಕಿಯ ತಕರಾರು, ತಪಾಸಣೆಯಲ್ಲಿ ಕಂಡುಬಂದಿಲ್ಲ. ಓದಿಸಿ ಕೇಳಿ, ಸಹಿ ಹಾಕಿ, ಮೂರೂ ಚೀಟಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಗಾಡಿಯ ಬಸವಣ್ಣನ ಫೋಟೊದ ಹಿಂದೆ ಸಿಕ್ಕಿಸಿದ. ಓಡಿಸುವುದನ್ನು ಬಿಡುವ ಹಾಗಿರಲಿಲ್ಲ. ಸುರಪುರದಿಂದ ಕೊಡೇಕಲ್ ಕಡೆಯ ಶಾಲೆಗಳಿಗೆ ಹೋಗುವ ಆರು ಮಂದಿ ಟೀಚರಮ್ಮನವರು ದಿನಾ ಅವನಿಗಾಗಿ ಕಾದು ನಿಂತಿರುತ್ತಿದ್ದರು. ದಿನಾ ಮುಂಜಾನೆ ಕೀಲಿ ತಿರುಗಿಸಿ ಅವನು ಸೆಕೆಂಡು ಎಣಿಸುತ್ತಿದ್ದ. ಆ ಐದು ಸೆಕೆಂಡು ಎಂಟಾಯಿತು, ಹನ್ನೆರಡಾಯಿತು.

ಗಾಡಿ ತಂದ ಐದನೆಯ ತಿಂಗಳ ಕೊನೆಗೆ, ಹತ್ತಿಗುಡೂರು ದಾಟಿದ ಮೇಲೆ ಒಳಗೆ ಕಟಕ್ಕೆಂದಿತು. ಗಾಡಿ ತಾನಾಗಿಯೇ ಹೊರಳಿಕೊಂಡು ಹೋಗಿ ಜಾಲಿಗಿಡದ ಬಗಲಿಗೆ ನಿಂತಿತು. ಚೈನು ಹರಿದಿತ್ತು.

ಲಾಡ್ಲೇಸಾಬ ಗುರುತಿನವರ ಟ್ರ್ಯಾಕ್ಟರ್ ತರಿಸಿ ಹಗ್ಗ ಕಟ್ಟಿಸಿ ಯಾದಗಿರಿಗೆ ಎಳೆಸಿಕೊಂಡು ಹೋದ. ಸುಳ್ಳೇಕೆ ಹೇಳಲಿ, ದಾರಿಯಲ್ಲಿ ಅಯ್ಯಣ್ಣನಿಗೆ ಒಂದು ಬಗೆಯ ಸಮಾಧಾನವೇ ಆಗಿತ್ತು. ಗ್ಯಾರಂಟಿ ಇನ್ನೂ ಒಂದು ತಿಂಗಳಿದೆ. ಸಪ್ಪಳ ಇಲ್ಲವೆಂದವರ ಮುಂದೆ ಹರಿದ ಚೈನೇ ಸಾಕ್ಷಿ ಹೇಳುತ್ತದೆ. ಮೂರು ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಹಾಸಿದ.

ಶರಣಕುಮಾರ ನಿಧಾನವಾಗಿ ಓದಿದ. ಗ್ಯಾರಂಟಿ ಕಾಗದದ ಹಿಂಬದಿ ತಿರುವಿ, ಸಣ್ಣ ಅಕ್ಷರದ ಸಾಲೊಂದರ ಮೇಲೆ ಬೆರಳಿಟ್ಟ.

"ಕೆಟ್ಟ ಸಪ್ಪಳ ಬಂದ ಮ್ಯಾಲೂ ಗಾಡಿ ಓಡಿಸಿದ್ರ ಗ್ಯಾರಂಟಿ ನಡಿಯಂಗಿಲ್ಲ ಅಂತದ ನೋಡ್ರಿ. ಸಪ್ಪಳ ಅದ ಅಂತ ನೀವ ಮೂರು ಸರ್ತಿ ಬರಸೀರಿ, ಸಹಿನೂ ನಿಮ್ದ ಅದ."

"ಇಲ್ಲ ಅಂತ ನೀವ ಬರದೀರಲ್ರಿ!"

"ನಮಗ ಕೇಳಿಲ್ರಿ ಅಯ್ಯಣ್ಣೋರ. ನಿಮಗ ಕೇಳಿತ್ತು."

ಅಯ್ಯಣ್ಣ ತನ್ನ ಸಹಿಯನ್ನೇ ನೋಡಿದ. ಜಗಳ ಬರದವನೇನಲ್ಲ, ಆದರೆ ತನ್ನ ಸಹಿಯ ಜೊತೆ ಜಗಳ ಮಾಡುವುದು ಹೇಗೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಲಾಡ್ಲೇಸಾಬ ನಾಲ್ಕು ಮಾತು ಜೋರಾಗಿ ಅಂದ. ಶರಣಕುಮಾರ ಎಲ್ಲಕ್ಕೂ ತಲೆಯಾಡಿಸಿ ಮೂವರಿಗೆ ಚಹಾ ಹೇಳಿದ. ಅಯ್ಯಣ್ಣ ಕುಡಿಯಲಿಲ್ಲ.

ಗಾಡಿ ಹೊರಗೆ ಒಯ್ಯಲೂ ಒಂದು ಚೀಟಿ ಬೇಕಂತೆ. ಭುವನೇಶ್ವರಿ ಪೆನ್ನು ಹಿಡಿದಳು. ಆಕೆಗೂ ಮುಖ ಎತ್ತಿ ನೋಡಲಾಗಲಿಲ್ಲ.

"ಕಾಕಾ, ತಕರಾರು ಏನಂತ ಬರೀಲಿ?"

"ಏನೂ ಬರೀಬ್ಯಾಡ ತಂಗಿ."

"ಖಾಲಿ ಬಿಟ್ರ ಗೇಟಿನ್ಯಾಗ ಬಿಡಂಗಿಲ್ಲರಿ."

"ಹಂಗಾರ ಇಲ್ಲ ಅಂತ ಬರಿ. ತಕರಾರು ಇಲ್ಲ."

ಟ್ರ್ಯಾಕ್ಟರಿನ ಹಿಂದೆ ಹಗ್ಗಕ್ಕೆ ಬಿದ್ದ ಬಿಳಿ ಗಾಡಿ ಗೇಟಿನಲ್ಲಿ ಅಡ್ಡ ನಿಂತಿತ್ತು. ಹೊಸ ಗಿರಾಕಿಗಳ ಕಾರೊಂದು ಒಳಗೆ ಬರಲಾಗದೆ ಹಾರ್ನ್ ಹೊಡೆಯುತ್ತಿತ್ತು. ವಾಚ್‌ಮನ್ ಚೀಟಿ ಇಸಿದುಕೊಳ್ಳುತ್ತ ರೇಗಿದ. "ಯಾರದ್ರಿ ಈ ಗಾಡಿ? ಜಲ್ದಿ ತಗೀರಿ."

ಅಯ್ಯಣ್ಣ ಸ್ಟೇರಿಂಗಿನ ಮುಂದೆ ಕೂತಿದ್ದ. ಗಾಜು ಇಳಿಸಿದ.

"ನಂದ್ರಿ" ಅಂದ.