ಬ್ಲೌಸ್ ಪೀಸಿನ ಲಂಗ

ಹೋದ ತಿಂಗಳು ಶಾಂತಿಗ್ರಾಮದಲ್ಲಿ ನನ್ನ ತಂಗಿ ಮಗನ ಮನೆಯ ಗೃಹಪ್ರವೇಶ. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ನನ್ನ ನಾದಿನಿ ಜಯಮ್ಮ ಬಂದು ನನ್ನ ಮೊಮ್ಮಗಳ ಲಂಗದ ಅಂಚು ಹಿಡಿದುಕೊಂಡಳು. ಬಿಡಲೇ ಇಲ್ಲ.

"ಲೇ ಸಿಂಚನ, ಇದು ನಂದಲ್ವೇನೇ?" ಅಂದಳು.

ಲಂಗ ಅವಳದ್ದಲ್ಲ. ಆದರೆ ಅವಳು ಹೇಳಿದ್ದು ಸುಳ್ಳೂ ಅಲ್ಲ. ಅದು ಹೇಗೆ ಅಂತ ಹೇಳಬೇಕಾದರೆ ನಮ್ಮ ಮನೆಯ ಟ್ರಂಕಿನಿಂದ ಶುರು ಮಾಡಬೇಕು.

ನಿಮ್ಮ ಮನೆಯಲ್ಲೂ ಅಂಥದ್ದೊಂದು ಟ್ರಂಕು ಇದ್ದೇ ಇರುತ್ತದೆ. ಇಲ್ಲದಿದ್ದರೆ ಬೀರುವಿನ ಕೆಳಗಿನ ಖಾನೆ. ಅದರ ತುಂಬ ಬ್ಲೌಸ್ ಪೀಸು. ಮದುವೆ, ಸೀಮಂತ, ನಾಮಕರಣ, ಗೌರಿ ಹಬ್ಬ, ಹೋದಲ್ಲೆಲ್ಲ ಅರಿಶಿನ ಕುಂಕುಮ ಕೊಟ್ಟು, ಎಲೆ ಅಡಿಕೆ ತೆಂಗಿನಕಾಯಿ ಜೊತೆ ಒಂದು ಬ್ಲೌಸ್ ಪೀಸು ಕೈಗಿಡುತ್ತಾರೆ. ಯಾರಾದರೂ ಅದನ್ನು ಹೊಲಿಸಿಕೊಂಡಿದ್ದು ನೋಡಿದ್ದೀರಾ? ನಾನಂತೂ ನೋಡಿಲ್ಲ. ಒಗೆದರೆ ಬಣ್ಣ ಬಿಡುತ್ತದೆ. ನನ್ನಂಥ ದಪ್ಪ ತೋಳಿನವರಿಗೆ ಸಾಲುವುದೂ ಇಲ್ಲ. ಹಾಗಾಗಿ ಅದು ಒಂದು ಮನೆಯಿಂದ ಇನ್ನೊಂದು ಮನೆಗೆ ತಿರುಗುತ್ತಲೇ ಇರುತ್ತದೆ. ಕೊಟ್ಟವರಿಗೇ ವಾಪಸ್ ಕೊಡಬಾರದು, ಅದೊಂದೇ ಕಾನೂನು. (ನಾನು ಒಂದು ಸಲ ಮರೆತು ಕೊಟ್ಟು, ವರ್ಷಗಟ್ಟಲೆ ಮಾತು ಕೇಳಿದ್ದೇನೆ.)

ಸಿಂಚನ ಹೊಳೆನರಸೀಪುರದಲ್ಲಿ ಬಿ.ಕಾಂ. ಓದುತ್ತಾಳೆ. ನಮ್ಮ ಹಳ್ಳಿಯಿಂದ ಬಸ್ ಪಾಸಿನಲ್ಲಿ ಹೋಗಿ ಬರುತ್ತಾಳೆ. ನನ್ನ ಮಗ ಡೇರಿಗೆ ಹಾಲು ಹಾಕಿ ಬರುವ ದುಡ್ಡಿನಲ್ಲೇ ಅವಳ ಫೀಸು, ಮನೆ ದಿನಸಿ, ಹಸುವಿನ ಬೂಸ ಎಲ್ಲ ನಡೆಯಬೇಕು. ಹೊಸ ಬಟ್ಟೆ ಅಂದರೆ ಹಬ್ಬಕ್ಕೊಂದು ಜೊತೆ. ಹುಡುಗಿಗೋ ಬಟ್ಟೆ ಅಂದರೆ ಪ್ರಾಣ. ಮೊಬೈಲಲ್ಲಿ ಅವಳು ನೋಡುತ್ತಿದ್ದದ್ದೆಲ್ಲ ಅದೇ. ಬೇಕು ಅಂತ ಒಂದು ದಿನವೂ ಕೇಳಲಿಲ್ಲ. ನೋಡುತ್ತಿದ್ದಳು, ಅಷ್ಟೆ.

ರಜೆಯಲ್ಲಿ ಒಂದು ದಿನ ಟ್ರಂಕು ತೆಗೆದು ಕೂತಳು.

"ಅಜ್ಜಿ, ಇವನ್ನ ಯಾರೂ ಹೊಲಿಸಲ್ಲ ತಾನೆ? ನಾನು ತಗೊಳ್ಲಾ?"

"ಏನಾರ ಮಾಡ್ಕೊ. ಒಳ್ಳೇವು ನಾಕು ಬುಟ್ಟಿರು, ಯಾರಾರ ಬಂದ್ರೆ ಕೊಡಕ್ಕೆ ಬೇಕು" ಅಂದೆ.

ಅವರಮ್ಮ ಸೀರೆಗೆ ಫಾಲ್ಸ್ ಹಾಕಲು ಇಟ್ಟುಕೊಂಡಿದ್ದ ಹೊಲಿಗೆ ಮಿಷನ್ನು ವಾರವೆಲ್ಲ ಕಟಕಟ ಅಂದಿತು. ಹೊಲಿಯೋದು, ಬಿಚ್ಚೋದು, ಮತ್ತೆ ಹೊಲಿಯೋದು. ಕೊನೆಗೆ ಪಾದ ಮುಟ್ಟುವ ಒಂದು ಲಂಗ ಬಂತು. ಕೆಳಗೆ ಅಂಗಡಿಯವರು ರಾಮಾ ಗ್ರೀನ್ ಅನ್ನುತ್ತಾರಲ್ಲ ಆ ಹಸಿರು, ಅದರ ಮೇಲೆ ಅರಿಶಿನ, ಅದರ ಮೇಲೆ ಕುಂಕುಮದ ಬಣ್ಣ, ನಡುನಡುವೆ ನವಿಲಿನ ಜರಿ ಅಂಚು. ಮೇಲಕ್ಕೆ ಅವರಪ್ಪನ ಹಳೇ ಬಿಳಿ ಶರ್ಟು, ತೋಳು ಮಡಚಿ, ಸೊಂಟದ ಹತ್ತಿರ ಗಂಟು ಹಾಕಿದ್ದಳು. ಕಾಲಿಗೆ ಹೈಸ್ಕೂಲಿನ ಕ್ಯಾನ್ವಾಸ್ ಶೂ.

"ಏನೇ ಇದು, ಕೋಲೆ ಬಸವ ಬಂದಂಗೈತೆ" ಅಂದೆ.

"ಕೋಲೆ ಬಸವ ಬಂದ್ರೆ ಊರೆಲ್ಲ ನಿಂತ್ಕೊಂಡು ನೋಡುತ್ತೆ ಕಣಜ್ಜಿ" ಅಂದಳು.

ನಿಜ ಹೇಳುತ್ತೇನೆ, ಚೆನ್ನಾಗಿತ್ತು. ನನಗೆ ಹೇಳಲು ಬರಲಿಲ್ಲ. ನಮ್ಮ ಕಾಲದಲ್ಲಿ ಚೆನ್ನಾಗಿದೆ ಅಂತ ಮಕ್ಕಳ ಮುಖಕ್ಕೆ ಯಾರು ಹೇಳುತ್ತಿದ್ದರು? ದೃಷ್ಟಿಯಾಗುತ್ತದೆ ಅಂತಲೋ, ತಲೆ ತಿರುಗುತ್ತದೆ ಅಂತಲೋ ಸುಮ್ಮನಿರುತ್ತಿದ್ದರು.  ಆದರೆ ಕತ್ತು ಬಗ್ಗಿಸಿಕೊಂಡು ಬಸ್ ಹತ್ತುತ್ತಿದ್ದ ಹುಡುಗಿ ರಜೆಯಲ್ಲೇ ಆ ಲಂಗ ಹಾಕಿಕೊಂಡು ಸಂತೆಗೆ ಹೊರಟ ದಿನ ನೆಟ್ಟಗೆ ನಿಂತು ಬಸ್ಸಿಗೆ ಕೈ ಅಡ್ಡ ಹಾಕಿದ್ದನ್ನು ಜಗಲಿಯಿಂದ ನೋಡಿದ್ದೆ.

ಅದೇ ಲಂಗ ಹಾಕಿಕೊಂಡು ಶಾಂತಿಗ್ರಾಮಕ್ಕೆ ಬಂದಳು. ಗೃಹಪ್ರವೇಶದ ಮನೆಯ ಹುಡುಗಿ ಮೋನಿಕಾ ಇವಳ ಕಾಲೇಜೇ. ಅವಳೂ ಅವಳ ಗೆಳತಿಯರೂ ಸಿಂಚನಳ ಸುತ್ತ ಮುತ್ತಿಕೊಂಡಿದ್ದರು. ತಿರುಗಿಸಿ ತಿರುಗಿಸಿ ಫೋಟೋ ತೆಗೆಯುತ್ತಿದ್ದರು.

"ಎಲ್ಲಿ ತಗೊಂಡ್ಯೇ?"

"ತಗೊಂಡಿದ್ದಲ್ಲ. ನಾನೇ ಡಿಸೈನ್ ಮಾಡಿದ್ದು."

"ಸುಳ್ಳು ಹೇಳ್ಬೇಡ. ಎಥ್ನಿಕ್ ಡೇಗೆ ನಮಗೂ ಹೊಲ್ಕೊಡ್ತೀಯಾ? ಎಲ್ರೂ ಒಂದೊಂದು ಹಾಕ್ಕೊಂಡು ಹೋಗಣ."

ಸಿಂಚನಳ ಮುಖ ನೋಡಬೇಕಿತ್ತು. "ಬಟ್ಟೆ ನಾನೇ ಸೆಲೆಕ್ಟ್ ಮಾಡ್ತೀನಿ, ಆಯ್ತಾ?" ಅಂತ ದೊಡ್ಡ ಟೈಲರ್ ಥರ ಮಾತಾಡುತ್ತಿದ್ದಳು.

ಜಯಮ್ಮ ಬಂದು ಅಂಚು ಹಿಡಿದದ್ದು ಆಗ.

"ಈ ನವಿಲಿನ ಜರಿ ನಾನು ಚನ್ನರಾಯಪಟ್ಟಣದಲ್ಲಿ ನೋಡಿ ನೋಡಿ ತಂದಿದ್ದು. ಅತ್ತಿಗೆ, ನಾನು ಕೊಟ್ಟಿದ್ದನ್ನ ಹಿಂಗಾ ಮಾಡದು?" ಅಂತ ನನ್ನ ಕಡೆ ತಿರುಗಿದಳು.

ಅಷ್ಟು ಜನರ ಮುಂದೆ ನನ್ನನ್ನೇ ಕೇಳುತ್ತಾಳಲ್ಲ ಅಂತ ನನಗೆ ಉರಿಯಿತು. ನನ್ನ ಬಾಯಿಯೋ ಮೊದಲೇ ತಡೆಯುವಂಥದ್ದಲ್ಲ.

"ನಿಂದೇ ಕಣೆ ಜಯಮ್ಮ. ನೀನು ಕೊಟ್ಟಿದ್ದು ರವಿಕೆಗಂತೂ ಸಾಲ್ತಿರ್ಲಿಲ್ಲ, ಲಂಗಕ್ಕಾದ್ರೂ ತೇಪೆ ಆಯ್ತು ಬುಡು. ನಮ್ಮುಡುಗಿ ಅಂಗಡಿಗೆ ಯಾಕೋಗ್ಬೇಕು? ಊರೋರ ತಾಂಬೂಲನೆಲ್ಲ ಮೈಗೆ ಸುತ್ಕೊಂಡವ್ಳೆ."

ಪೆಂಡಾಲಿಗೆ ಪೆಂಡಾಲೇ ನಕ್ಕಿತು. ನನಗೂ ಖುಷಿಯಾಯಿತು. ಮಾತಾಡಿ ನಾಲ್ಕು ಜನರನ್ನು ನಗಿಸಿದರೆ ಯಾರಿಗೆ ಖುಷಿಯಾಗುವುದಿಲ್ಲ?

ಆಮೇಲೆ ಎಲ್ಲ ಹೆಂಗಸರೂ ಎದ್ದು ಬಂದರು. ಒಬ್ಬಳು ಲಂಗ ಎತ್ತಿ ನೋಡಿದಳು, ಒಬ್ಬಳು ಹಿಂದಕ್ಕೆ ತಿರುಗಿಸಿದಳು.

"ಈ ಕುಂಕುಮದ ಬಣ್ಣದ್ದು ನಮ್ಮ ಮಗಳ ಸೀಮಂತದ್ದು ಕಣಕ್ಕ."

"ಹಸಿರುದು ನಂದು, ಅರಕಲಗೂಡಲ್ಲಿ ತಗೊಂಡಿದ್ದು. ನಾನು ನಿಮಗೆ ಕೊಟ್ಟೇ ಇರ್ಲಿಲ್ಲ, ನಿಮಗೆಂಗ್ ಬಂತು?"

ಸಿಂಚನ ಮಧ್ಯದಲ್ಲಿ ನಿಂತಿದ್ದಳು. ಮೋನಿಕಾ, "ಅಯ್ಯೋ, ನಾನು ಬೊಟಿಕ್‌ದು ಅನ್ಕೊಂಡೆ ಕಣೇ" ಅಂದಳು. ಗೆಳತಿಯರು ಬಾಯಿಗೆ ಕೈ ಇಟ್ಟುಕೊಂಡು ನಕ್ಕರು. ಸಿಂಚನಳೂ ನಕ್ಕಳು. ಅವಳು ನಕ್ಕಳಲ್ಲ, ಹಾಗಾದರೆ ಏನೂ ಆಗಿಲ್ಲ ಅಂದುಕೊಂಡು ನಾನು ಎಲೆ ಮುಂದೆ ಕೂತೆ.

ಬಸ್ಸಿನಲ್ಲಿ ಬರುವಾಗ ಕಿಟಕಿ ಕಡೆ ಮುಖ ಮಾಡಿಕೊಂಡು ಒಂದೇ ಮಾತು ಆಡಿದಳು.

"ಬೈದಿದ್ರೆ ಪರವಾಗಿರ್ಲಿಲ್ಲ ಅಜ್ಜಿ."

ಮಾರನೇ ದಿನ ಲಂಗ ಬಿಚ್ಚಲು ಕೂತಳು. ಹರಿಯಲಿಲ್ಲ, ಎಸೆಯಲಿಲ್ಲ. ಬ್ಲೇಡಿನಲ್ಲಿ ಒಂದೊಂದೇ ಹೊಲಿಗೆ ಕಿತ್ತು, ಇಸ್ತ್ರಿ ಮಾಡಿ, ಮಡಚಿ ಟ್ರಂಕಿನಲ್ಲಿಟ್ಟಳು. ಅಂಚಿನ ಉದ್ದಕ್ಕೂ ಸೂಜಿಯ ತೂತು. ಅದನ್ನು ಇನ್ನು ಯಾರಿಗೆ ಕೊಡುವುದು?

"ನಂದು ತಪ್ಪಾಯ್ತು. ಮತ್ತೆ ಹೊಲ್ಕೊಳ್ಳೇ" ಅಂದೆ. ಈ ಮಾತು ನಾನು ಯಾರಿಗೂ ಹೇಳುವವಳಲ್ಲ.

"ಬಿಡಜ್ಜಿ. ಕಾಲೇಜಲ್ಲಿ ಈಗ ನಾನು ಏನು ಹಾಕ್ಕೊಂಡೋದ್ರೂ 'ಇದು ಯಾರ ಮನೆ ತಾಂಬೂಲ' ಅಂತ ಕೇಳ್ತಾರೆ."

ಎಥ್ನಿಕ್ ಡೇ ದಿನ ಹೊಟ್ಟೆನೋವು ಅಂತ ಮನೆಯಲ್ಲೇ ಮಲಗಿದ್ದಳು. ಯಾರೂ ಲಂಗ ಹೊಲಿದುಕೊಡು ಅಂತ ಬರಲಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಫ್ಯಾಷನ್ನು ಗಿಫ್ಯಾಷನ್ನು ನನಗೆ ತಿಳಿಯದು. ಆದರೆ ಅದೇ ತುಂಡುಗಳನ್ನು ಅದೇ ಥರ ಜೋಡಿಸಿ ಹಾಸನದ ಅಂಗಡಿಯ ಗಾಜಿನೊಳಗೆ ಬೊಂಬೆಗೆ ಉಡಿಸಿದ್ದರೆ ಜಯಮ್ಮ ಅಂಚು ಹಿಡಿದು ಎಳೆಯುತ್ತಿದ್ದಳಾ? ನಾನು ತೇಪೆ ಅನ್ನುತ್ತಿದ್ದೆನಾ? ಕಾಸಿರುವವರ ಮಕ್ಕಳು ಮಂಡಿ ಹರಿದ ಪ್ಯಾಂಟು ಹಾಕಿಕೊಂಡು ಬಂದರೆ ಕುರ್ಚಿ ಕೊಟ್ಟು ಕೂರಿಸುತ್ತೇವೆ. ನಮ್ಮ ಹುಡುಗಿ ಇದ್ದದ್ದರಲ್ಲೇ ಬುದ್ಧಿ ಓಡಿಸಿ ಏನೋ ಮಾಡಿಕೊಂಡರೆ ಬಟ್ಟೆ ಎಲ್ಲಿಂದ ಬಂತು ಅಂತ ಹುಡುಕುತ್ತೇವೆ. ಹುಡುಕಿ, ಸಿಕ್ಕಿತು ಅಂತ ನಗುತ್ತೇವೆ. ಬಡವರ ಮಕ್ಕಳಿಗೆ ಬಟ್ಟೆ ಇರಬಹುದು, ಅವರದೇ ಅನ್ನುವ ಸ್ಟೈಲ್ ಮಾತ್ರ ಇರಬಾರದಾ?

ಮೊನ್ನೆ ಜಯಮ್ಮ ನಮ್ಮ ಮನೆಗೆ ಬಂದಿದ್ದಳು. ಸಾಯಂಕಾಲ ಅವಳನ್ನು ಚನ್ನರಾಯಪಟ್ಟಣದ ಬಸ್ ಹತ್ತಿಸಲು ಹೊಳೆನರಸೀಪುರ ಬಸ್ ಸ್ಟ್ಯಾಂಡಿಗೆ ಹೋದೆ. ಕಾಲೇಜು ಬಿಟ್ಟಿತ್ತು. ಎಲ್ಲಿ ನೋಡಿದರೂ ಹುಡುಗಿಯರು. ಎಲ್ಲರಿಗೂ ಕಪ್ಪು ಲೆಗಿಂಗ್ಸು, ಒಂದೇ ಥರದ ಟಾಪು. ಸಿಂಚನಳೂ ಈಗ ಅದನ್ನೇ ಹಾಕುವುದು. ಒಬ್ಬಳ ಬೆನ್ನು ನೋಡಿ "ಲೇ ಸಿಂಚನ" ಅಂತ ಭುಜ ಹಿಡಿದೆ. ಅವಳು ಯಾರೋ.

"ಇಲ್ಲೇ ಇದ್ದೀನಿ ಅಜ್ಜಿ" ಅಂತ ಪಕ್ಕದಿಂದ ದನಿ ಬಂತು. ಆಗಿನಿಂದ ಅಲ್ಲೇ ನಿಂತಿದ್ದಳಂತೆ.

ಜಯಮ್ಮ ಅವಳ ಕೆನ್ನೆ ಸವರಿ, "ಈಗ ನೋಡು ಅತ್ತಿಗೆ, ಎಷ್ಟು ಲಕ್ಷಣವಾಗವ್ಳೆ. ನೀನು ಅವತ್ತು ಹೇಳಿದ್ದು ಒಳ್ಳೇದಾಯ್ತು" ಅಂದು ಬಸ್ ಹತ್ತಿದಳು.

ಪಕ್ಕದಲ್ಲೇ ನಿಂತಿದ್ದರೂ ಮನೆಯವರಿಗೇ ಗುರುತು ಸಿಗದ ಹಾಗಿರುವುದಕ್ಕೆ ಲಕ್ಷಣ ಅನ್ನುತ್ತಾರಾ?